ಇರುವ ಮನೆಯೂ ಕಟ್ಟುವ ಕೋಣೆಯೂ

ನಮ್ಮ ಜಿಲ್ಲೆಯ ಯಾವ ಊರಿಗೆ ಹೋದರೂ, ಯಾರ ಮನೆಯ ಜಗಲಿಯ ಮೇಲೆ ಕುಳಿತರೂ, ಕುಶಲಪ್ರಶ್ನೆಗಳು ಮುಗಿದು ಎಲೆಯಡಕೆಯ ತಟ್ಟೆ ಮುಂದಕ್ಕೆ ಬರುವುದರೊಳಗಾಗಿ ಒಂದು ಮಾತು ಕಿವಿಗೆ ಬಿದ್ದೇ ಬೀಳುವುದು. “ಮನೆ ಸಾಲದಾಗಿದೆ, ಹಿತ್ತಲ ಕಡೆಗೆ ಒಂದು ಕೋಣೆಯನ್ನು ಇಳಿಸಬೇಕೆಂದಿದ್ದೇವೆ” ಎಂದು ಸಾಧಾರಣ ಗೃಹಸ್ಥರು ಹೇಳುವರು. ಸ್ಥಿತಿವಂತರು “ಮೇಲಕ್ಕೆ ಇನ್ನೊಂದು ಅಂತಸ್ತನ್ನು ಎತ್ತಿಸಬೇಕೆಂದಿದ್ದೇವೆ” ಎನ್ನುವರು. ಕೇಳಿದವರು ತಲೆದೂಗುವರು. ಸಾಲ ಎಲ್ಲಿ ದೊರೆಯುವುದು, ಮೇಸ್ತ್ರಿ ಯಾರು, ಮರಳಿನ ಬೆಲೆ ಈಗ ಎಷ್ಟು ಎಂಬ ವಿಚಾರಗಳು ಒಂದಾದಮೇಲೊಂದು ಬರುವುವು. ಆದರೆ “ಮನೆ ನಿಜವಾಗಿಯೂ ಸಾಲದೆ?” ಎಂಬ ಮೊದಲನೆಯ ಪ್ರಶ್ನೆಯನ್ನು ಕೇಳಿದವರನ್ನು ನಾನು ಕಂಡವನಲ್ಲ. ಆ ಪ್ರಶ್ನೆಯನ್ನು ಕೇಳುವುದೇ ಈ ಲೇಖನದ ಉದ್ದೇಶ.

ನನ್ನ ವಾದವನ್ನು ಮೊದಲೇ ಬಿಚ್ಚಿ ಹೇಳಿಬಿಡುವೆನು. ಇರುವ ಮನೆಗೆ ಹೊಸ ಕೋಣೆಯನ್ನು ಸೇರಿಸುವವರಲ್ಲಿ ಬಹುಮಂದಿಗೆ ಕೊರತೆಯಾಗಿರುವುದು ಸ್ಥಳವಲ್ಲ. ಇರುವ ಸ್ಥಳವನ್ನು ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಎಂದು ಹೊಸದಾಗಿ ಹಂಚಿಕೊಳ್ಳುವ ಧೈರ್ಯ. ಹಂಚಿಕೆಯ ಮಾತನ್ನೆತ್ತಿದೊಡನೆಯೆ ಮನೆಯಲ್ಲಿ ಯಾರಾದರೊಬ್ಬರು ಏನನ್ನಾದರೂ ಬಿಟ್ಟುಕೊಡಬೇಕಾಗುವುದು. ಬಿಟ್ಟುಕೊಡುವುದಕ್ಕೆ ಮನಸ್ಸಿಲ್ಲದುದರಿಂದ ನಾವು ಕಟ್ಟಿಸುವೆವು. ಹೀಗೆ ಕಟ್ಟಿದ ಕೋಣೆ ಮನೆಯ ಜಗಳವನ್ನು ಮುಂದಕ್ಕೆ ಹಾಕುವುದೇ ಹೊರತು ಮನೆಯ ಕಷ್ಟವನ್ನು ನೀಗುವುದಿಲ್ಲ. ಈ ಮಾತು ಕೆಲವರಿಗೆ ಕಟುವಾಗಿ ತೋರಬಹುದು. ಇದರ ಮೊದಲನೆಯ ಪೆಟ್ಟು ಬಿದ್ದುದು ನನ್ನ ಮೇಲೆಯೇ ಆದುದರಿಂದ ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಪರರ ಮನೆಯ ವಿಚಾರವನ್ನು ಬೀದಿಗೆ ತರುವುದಕ್ಕಿಂತ ನನ್ನ ಮನೆಯ ವಿಚಾರವನ್ನೇ ಹೇಳುವುದು ಉಚಿತವಲ್ಲವೆ? ನಮ್ಮದು ತಾತಂದಿರ ಕಾಲದ ತೊಟ್ಟಿಯ ಮನೆ. ಅಗಲ 36 ಅಡಿ, ಉದ್ದ 60 ಅಡಿ. ಮಣ್ಣಿನ ಗೋಡೆ, ಮರದ ಕಂಬ, ಮೇಲೆ ಮಂಗಳೂರು ಹಂಚು. ಮುಂದೆ ಜಗಲಿ, ಒಳಗೆ ಪಡಸಾಲೆ, ನಡುವೆ ತೊಟ್ಟಿ, ತೊಟ್ಟಿಯ ಸುತ್ತ ನಡುಮನೆ, ದೇವರ ಮನೆ, ಎರಡು ಕೋಣೆಗಳು, ಉಗ್ರಾಣ, ಬಚ್ಚಲು, ಹಿಂದೆ ಅಡಿಗೆಮನೆ, ಪಕ್ಕದಲ್ಲಿ ಕೊಟ್ಟಿಗೆ, ಮೇಲೆ ಅಟ್ಟ. ವಾಸವಾಗಿರುವವರು ಏಳು ಮಂದಿ: 81 ವರ್ಷದ ನಮ್ಮ ತಾಯಿಯವರು, ನಾನೂ ನನ್ನ ಹೆಂಡತಿಯೂ, ತಮ್ಮನೂ ಅವನ ಹೆಂಡತಿಯೂ, ಅವರ ಮಗಳು ಮತ್ತು ಮಗ. ತಾತಂದಿರ ಕಾಲದಲ್ಲಿ ಇದೇ ಮನೆಯಲ್ಲಿ ಹತ್ತೊಂಬತ್ತು ಮಂದಿ ಇದ್ದರೆಂದು ತಾಯಿಯವರು ಹೇಳುತ್ತಾರೆ. ಆಗ “ಮನೆ ಸಾಲದು” ಎಂಬ ಮಾತು ಹುಟ್ಟಿರಲಿಲ್ಲವಂತೆ.

ಈಚೆಗೆ ಒಂದು ಮಳೆಗಾಲದ ರಾತ್ರಿ ತಾಯಿಯವರು ನಡುಮನೆಯಿಂದ ಬಚ್ಚಲಿಗೆ ಹೋಗುವಾಗ ತೊಟ್ಟಿಯ ಅಂಚಿನಲ್ಲಿ ಜಾರಿ ಬಿದ್ದರು. ದೈವವಶಾತ್ ಮೂಳೆ ಮುರಿಯಲಿಲ್ಲ. ಆದರೆ ಆ ರಾತ್ರಿಯಿಂದ ಅವರು ಕತ್ತಲಾದಮೇಲೆ ನೀರು ಕುಡಿಯುವುದನ್ನೇ ಬಿಟ್ಟರು, ಏಳಬೇಕಾದೀತೆಂಬ ಭಯ. ಇದನ್ನು ನೋಡಲಾರದೆ ತಮ್ಮನು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆಯನ್ನು, ಪಕ್ಕದಲ್ಲಿಯೆ ಬಚ್ಚಲಿನೊಡನೆ, ಅಡಿಗೆಮನೆಯ ಮೂಡಣ ಗೋಡೆಗೆ ಆನಿಸಿ ಕಟ್ಟಿಸುವುದೆಂದು ಗೊತ್ತುಮಾಡಿದನು. ಮೇಸ್ತ್ರಿಯ ಅಂದಾಜು ಮೂರೂವರೆ ಲಕ್ಷ ರೂಪಾಯಿ. ಮಾತೃಭಕ್ತಿಯಿಂದ ಹುಟ್ಟಿದ ಆಲೋಚನೆಗೆ ಎದುರು ಹೇಳುವವರಾರು? ನಾನೂ ಒಪ್ಪಿದೆನು.

ಎದುರು ಹೇಳಿದವಳು ನನ್ನ ಹೆಂಡತಿ. ಆ ಕೋಣೆ ಎದ್ದರೆ ಅಡಿಗೆಮನೆಗೆ ಇರುವ ಒಂದೇ ಒಂದು ಕಿಟಕಿ ಮುಚ್ಚಿಹೋಗುವುದೆಂದು ಅವಳು ತೋರಿಸಿದಳು. ಅಗಲ ಒಂದೂವರೆ ಅಡಿ, ಎತ್ತರ ಎರಡು ಅಡಿಯ ಕಿಟಕಿ ಅದು. ಅದರ ಮುಂದೆ ದಿನವೂ ನಡೆದಾಡುತ್ತಿದ್ದ ನಮಗೆ, ಅಣ್ಣತಮ್ಮಂದಿರಿಬ್ಬರಿಗೂ, ಅದು ಕಣ್ಣಿಗೇ ಬಿದ್ದಿರಲಿಲ್ಲ! ಆಗ ತಮ್ಮನ ಮಗಳು ಒಂದು ಸಲಹೆಯನ್ನು ಹೇಳಿದಳು. ಕಾಲೇಜಿನ ಪರೀಕ್ಷೆಗೆ ಓದುತ್ತಿರುವ ಹುಡುಗಿ. ಒಂದು ವಾರದ ಕಾಲ ಒಂದೊಂದು ಕೋಣೆಯ ಬಾಗಿಲ ಹಿಂದೆಯೂ, ಅಲ್ಲಿ ಯಾರು ಎಷ್ಟು ಹೊತ್ತು ಇದ್ದರೆಂಬುದನ್ನು ಸೀಮೆಸುಣ್ಣದಿಂದ ಗುರುತುಹಾಕೋಣ. ಆಮೇಲೆ ಕಟ್ಟುವ ಮಾತು ಎಂದಳು. ಮಕ್ಕಳಾಟವೆಂದು ಸಮ್ಮತಿಸಿದೆವು.

ವಾರದ ಕೊನೆಗೆ ಬಂದ ಲೆಕ್ಕವನ್ನು ಇಲ್ಲಿ ಮರೆಮಾಚದೆ ಕೊಡುತ್ತೇನೆ. ಅಡಿಗೆಮನೆಯಲ್ಲಿ ದಿನಕ್ಕೆ ಏಳು ಗಂಟೆ ಕಾಲ ಇಬ್ಬರು ಹೆಂಗಸರ ವಾಸ. ಅದರ ಕಿಟಕಿ ಮೂರು ಚದರಡಿ. ಉಗ್ರಾಣ, 120 ಚದರಡಿ, ದಿನಕ್ಕೆ ಕಾಲುಗಂಟೆ. ಕೊಟ್ಟಿಗೆ, 288 ಚದರಡಿ. ಕೊನೆಯ ಹಸುವನ್ನು ಮಾರಿ ವರ್ಷಗಳಾದುವು. ಈಗ ಎರಡು ಮೋಟಾರು ಸೈಕಲ್ಲುಗಳೂ ಒಡೆದ ತೊಟ್ಟಿಲೂ ಅಲ್ಲಿ ವಾಸಮಾಡುತ್ತವೆ. ಅಟ್ಟವನ್ನು ಆ ವಾರ ಹತ್ತಿದವರಿಲ್ಲ. ಬೀದಿಯ ಕಡೆಯ ಮುಂದಿನ ಕೋಣೆ, 168 ಚದರಡಿ, ಎರಡು ದೊಡ್ಡ ಕಿಟಕಿಗಳು, ಮನೆಯಲ್ಲೆಲ್ಲ ಹೆಚ್ಚು ಗಾಳಿಬೆಳಕುಳ್ಳದ್ದು, ದಿನಕ್ಕೆ ಎರಡು ಗಂಟೆ. ಆ ಕೋಣೆ ಯಾರದು? ನನ್ನದು. ಅಲ್ಲಿ ನನ್ನ ಮೇಜು, ನನ್ನ ಆರಾಮಕುರ್ಚಿ, ಈ ಪತ್ರಿಕೆಯ ಹಳೆಯ ಸಂಪುಟಗಳು. ಆ ಎರಡು ಗಂಟೆಯಲ್ಲಿ ಒಂದು ಗಂಟೆ ನಾನು ನಿದ್ದೆಹೋಗಿದ್ದೆನೆಂದೂ ಸೀಮೆಸುಣ್ಣ ಸಾಕ್ಷಿಹೇಳಿತು. ಲೆಕ್ಕವಿಟ್ಟ ಹುಡುಗಿಯಾದರೋ ದಿನಕ್ಕೆ ನಾಲ್ಕು ಗಂಟೆ ಕಾಲ ಅಟ್ಟದ ಏಣಿಮೆಟ್ಟಿಲ ಮೇಲೆ ಕುಳಿತು ಓದುತ್ತಿದ್ದಳು.

ವಾಚಕ ಮಹಾಶಯರೆ, ಮೂರು ಸ್ಥಳಗಳನ್ನು ಕೂಡಿಸಿ ನೋಡಿರಿ. ಉಗ್ರಾಣ, ಕೊಟ್ಟಿಗೆ, ನನ್ನ ಕೋಣೆ ಸೇರಿ 576 ಚದರಡಿ. ಕಟ್ಟಬೇಕೆಂದಿದ್ದುದು 120 ಚದರಡಿ. ಬೇಕಾದುದರ ಹೆಚ್ಚುಕಡಮೆ ಐದರಷ್ಟು ಸ್ಥಳ ನಮ್ಮ ಸೂರಿನ ಕೆಳಗೇ ಬಿದ್ದಿರುವಾಗ, “ಮನೆ ಸಾಲದು” ಎಂದು ನಾವು ಸಾಲಕ್ಕೆ ಅರ್ಜಿ ಬರೆಯುತ್ತಿದ್ದೆವು. ಇದಕ್ಕಿಂತ ಹೆಚ್ಚು ನಾಚಿಕೆಗೆ ಕಾರಣವಾದುದು ಇನ್ನೊಂದು. ಹೆಚ್ಚು ಹೊತ್ತು ದುಡಿಯುವವರಿಗೆ ಅತಿ ಕಡಮೆ ಬೆಳಕು. ಅತಿ ಕಡಮೆ ಹೊತ್ತು ಕೂರುವವನಿಗೆ ಅತಿ ಹೆಚ್ಚು ಬೆಳಕು. ಈ ಅನ್ಯಾಯವನ್ನು ಯಾವ ಹೊಸ ಕೋಣೆ ತಿದ್ದೀತು? ತಿದ್ದುವುದಿರಲಿ, ಇದ್ದ ಮೂರು ಚದರಡಿ ಬೆಳಕನ್ನೂ ಅದು ನುಂಗುತ್ತಿದ್ದಿತು.

ಹೀಗಾಗುವುದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಹಿರಿಯರು ಮನೆಯ ಒಂದೊಂದು ಭಾಗವನ್ನೂ ಒಂದೊಂದು ಕೆಲಸಕ್ಕಾಗಿಯೇ ಕಟ್ಟಿದರು. ಸುಗ್ಗಿಯಲ್ಲಿ ಬಂದ ರಾಗಿ ಭತ್ತಗಳು ವರ್ಷವಿಡೀ ನಿಲ್ಲಬೇಕಾಗಿದ್ದುದರಿಂದ ಗಾಳಿಯಾಡದ ಉಗ್ರಾಣ ಬೇಕಾಯಿತು. ಉಳುವ ಎತ್ತುಗಳಿಗೆ ಕೊಟ್ಟಿಗೆ ಬೇಕಾಯಿತು. ಸೌದೆಯ ಒಲೆಯ ಹೊಗೆ ಮನೆಯನ್ನೆಲ್ಲ ತುಂಬಬಾರದೆಂದು ಅಡಿಗೆಮನೆ ಹಿಂದಕ್ಕೆ ಸರಿಯಿತು. ಬಿರುಗಾಳಿಗೆ ಒಲೆ ಆರಬಾರದೆಂದು ಅದರ ಕಿಟಕಿ ಚಿಕ್ಕದಾಯಿತು. ಅವರು ಮಾಡಿದುದು ಅವರ ಕಾಲಕ್ಕೆ ಯುಕ್ತವಾಗಿಯೇ ಇದ್ದಿತು. ಈಗಲಾದರೋ ಧಾನ್ಯ ತಿಂಗಳಿಗೊಂದು ಮೂಟೆಯಂತೆ ಅಂಗಡಿಯಿಂದ ಬರುವುದು. ಉಳುವುದು ಟ್ರಾಕ್ಟರು. ಹಳ್ಳಿಹಳ್ಳಿಗೂ ಅನಿಲದ ಒಲೆ ಬಂದಿದೆ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಆರಂಭವಾದಮೇಲಂತೂ ಬಡವರ ಮನೆಗಳಿಗೂ ಬಂದಿದೆ. ಕೆಲಸ ಹೋಯಿತು, ಹೆಸರು ಉಳಿಯಿತು. “ಅದು ಉಗ್ರಾಣ” ಎಂದ ಮಾತ್ರಕ್ಕೆ ಅಲ್ಲಿ ಮನುಷ್ಯರು ಮಲಗಕೂಡದೆಂದು ನಾವು ತಿಳಿದಿದ್ದೇವೆ.

ಹಿರಿಯರಿಗೆ ಇದ್ದ ಇನ್ನೊಂದು ಜಾಣ್ಮೆಯನ್ನು ನಾವು ಕಳೆದುಕೊಂಡಿದ್ದೇವೆ. ಅವರ ಪಡಸಾಲೆ ಬೆಳಗ್ಗೆ ಮಕ್ಕಳ ಪಾಠಶಾಲೆ, ಮಧ್ಯಾಹ್ನ ಭೋಜನಶಾಲೆ, ಸಂಜೆ ಹರಟೆಯ ತಾಣ, ರಾತ್ರಿ ಶಯನಾಗಾರ, ವೈಶಾಖದಲ್ಲಿ ಮದುವೆಯ ಚಪ್ಪರ. ಚಾಪೆ ಸುತ್ತಿದರೆ ಒಂದು ಕೋಣೆ, ಎಲೆ ಹಾಕಿದರೆ ಮತ್ತೊಂದು. ಒಂದೇ ನೆಲ ಹೊತ್ತಿಗೊಂದು ಕೆಲಸವನ್ನು ಮಾಡುತ್ತಿದ್ದಿತು. ನಾವಾದರೋ ಕೋಣೆಗೊಂದು ಮಂಚವನ್ನೂ ಸೋಫಾವನ್ನೂ ಊಟದ ಮೇಜನ್ನೂ ತಂದು ನಿಲ್ಲಿಸಿದೆವು. ಸರಿಸಲಾಗದ ವಸ್ತು ಕುಳಿತೊಡನೆ ಕೋಣೆಯ ಕೆಲಸವೂ ಕಲ್ಲಿನಂತೆ ಕುಳಿತುಬಿಟ್ಟಿತು. ರಾತ್ರಿಯ ಕೋಣೆ ಹಗಲೆಲ್ಲ ಖಾಲಿ. ಅತಿಥಿಗಳ ಕೋಣೆ ವರ್ಷವೆಲ್ಲ ಖಾಲಿ. ಕಷ್ಟಕಾಲ ಬಂದರೆ ಮಾತ್ರ ಹಳೆಯ ಬುದ್ಧಿ ನೆನಪಾಗುವುದು. 2020ರ ಮಾರ್ಚಿಯಲ್ಲಿ ಕೊರೋನಾ ಮಾರಿಗಾಗಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಒಂದೇ ಮನೆ ಶಾಲೆಯೂ ಕಚೇರಿಯೂ ಆಸ್ಪತ್ರೆಯೂ ಆಗಲಿಲ್ಲವೆ? ಅದೇ ವರ್ಷ ನಮ್ಮ ರಾಜ್ಯದ ವಿದ್ಯಾಗಮ ಕಾರ್ಯಕ್ರಮದಲ್ಲಿ ಉಪಾಧ್ಯಾಯರು ಜಗಲಿಗಳಲ್ಲಿಯೂ ಗುಡಿಯ ಅಂಗಳಗಳಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳಿಗೆ ಪಾಠ ಹೇಳಲಿಲ್ಲವೆ? ಆಗ ಯಾರೂ ಇಟ್ಟಿಗೆ ಇಡಲಿಲ್ಲ. ಸ್ಥಳ ಹೇಗೆ ಒದಗಿತು? ಅವಶ್ಯಕತೆ ಹೆಸರುಗಳನ್ನು ಅಳಿಸಿದುದರಿಂದ.

ಇನ್ನು ಕಟ್ಟುವುದರ ವೆಚ್ಚವನ್ನು ವಿಚಾರಿಸೋಣ. ನಾನು ಹೇಳುವುದು ಹಣದ ವೆಚ್ಚವನ್ನಲ್ಲ. ಅದನ್ನು ಸಾಲಗಾರನು ತಾನೇ ಹೇಳುವನು. ಮಣ್ಣಿನ ವೆಚ್ಚ, ನದಿಯ ವೆಚ್ಚ, ಗಾಳಿಯ ವೆಚ್ಚ. ನಮ್ಮ ತಮ್ಮನ ಕೋಣೆಗೆ ಹೊಸದಾಗಿ ಎತ್ತಬೇಕಾಗಿದ್ದ ಮೂರು ಗೋಡೆಗಳ ಉದ್ದ 32 ಅಡಿ, ಎತ್ತರ ಹತ್ತು ಅಡಿ, ದಪ್ಪ ಒಂಬತ್ತು ಅಂಗುಲ. ಬಾಗಿಲು ಕಿಟಕಿಗಳನ್ನು ಕಳೆದರೆ 200 ಘನ ಅಡಿಯ ಗೋಡೆ. ಸುಮಾರು 2,700 ಇಟ್ಟಿಗೆ. ಇಟ್ಟಿಗೆಯೊಂದಕ್ಕೆ ಮೂರು ಕಿಲೋ ಎಂದರೂ ಎಂಟು ಟನ್ನು ಸುಟ್ಟ ಮಣ್ಣು. ಅದು ಎಲ್ಲಿಯದು? ಯಾವನೋ ರೈತನ ಗದ್ದೆಯ ಮೇಲ್ಮಣ್ಣು, ಇಲ್ಲವೆ ಕೆರೆಯಂಗಳದ ಜೇಡಿ. ಐದು ಅಂಗುಲ ದಪ್ಪದ ಛಾವಣಿಗೆ 50 ಘನ ಅಡಿ ಕಾಂಕ್ರೀಟು, ಅಂದರೆ ಮೂರೂವರೆ ಟನ್ನು ಭಾರ. ಅದಕ್ಕೆ ಮರಳು ಬೇಕು, ಜಲ್ಲಿ ಬೇಕು, ಸಿಮೆಂಟು ಬೇಕು. ಪ್ರಪಂಚದಲ್ಲಿ ವರ್ಷವೊಂದಕ್ಕೆ ಸುಮಾರು 5,000 ಕೋಟಿ ಟನ್ನು ಮರಳು ಜಲ್ಲಿಗಳನ್ನು ಬಳಸುತ್ತಿದ್ದಾರೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗದವರು 2022ರ ವರದಿಯಲ್ಲಿ ಹೇಳಿದ್ದಾರೆ. ನಮ್ಮ ಹೊಳೆಗಳ ಪಾತ್ರಗಳಲ್ಲಿ ಬಿದ್ದಿರುವ ಹೊಂಡಗಳನ್ನು ನೋಡಿದವರಿಗೆ ಆ ವರದಿಯ ಅವಶ್ಯಕತೆಯೂ ಇಲ್ಲ.

ಸಿಮೆಂಟಿನ ಮರ್ಮವನ್ನು ಪಾಠಶಾಲೆಯ ರಸಾಯನಶಾಸ್ತ್ರವೇ ಹೇಳುವುದು. ಸುಣ್ಣದ ಕಲ್ಲನ್ನು ಕಾಯಿಸಿದರೆ ನೂರು ಪಾಲಿನಲ್ಲಿ 56 ಪಾಲು ಸುಣ್ಣವಾಗಿ ಉಳಿದು 44 ಪಾಲು ಇಂಗಾಲಾಮ್ಲವಾಯುವಾಗಿ ಹಾರಿಹೋಗುವುದು. ಕಾಯಿಸುವುದಕ್ಕೆ ಉರಿಸಿದ ಇದ್ದಲಿನ ಹೊಗೆ ಇದಕ್ಕೆ ಮೇಲುಸೇರಿಕೆ. ಮನುಷ್ಯರು ಪ್ರತಿವರ್ಷ ಆಕಾಶಕ್ಕೆ ಬಿಡುವ ಇಂಗಾಲಾಮ್ಲವಾಯುವಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದಲೇ ಬರುವುದೆಂದು ಬಲ್ಲವರು ಲೆಕ್ಕಹಾಕಿದ್ದಾರೆ. ಮಳೆ ಹೊತ್ತಿಗೆ ಬಾರದೆಂದು ಗೋಳಿಡುವ ನಾವೇ ಬೇಡದ ಕೋಣೆಗೆ ಮೂಟೆಮೂಟೆಯಾಗಿ ಅದನ್ನು ಇಳಿಸಿಕೊಳ್ಳುವುದು ಎಂತಹ ವಿವೇಕ?

ಹಳೆಯ ಮನೆಗೆ ಹೊಸದನ್ನು ಅಂಟಿಸುವುದರಲ್ಲಿ ಮತ್ತೊಂದು ಕೇಡುಂಟು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುವುದು. ಸುಣ್ಣದ ಗಾರೆ ಇದಕ್ಕೆ ಅಡ್ಡಬಾರದು. ಸಿಮೆಂಟಿನ ಗಾರೆ ತೇವವನ್ನು ಒಳಗೇ ಕಟ್ಟಿಹಾಕುವುದು; ಗೋಡೆ ಒಳಗಿಂದೊಳಗೆ ಕೊಳೆಯುವುದು. ಹಂಚನ್ನು ಹೊರುವುದಕ್ಕೆಂದು ಎದ್ದ ಗೋಡೆಯ ಮೇಲೆ ಕಾಂಕ್ರೀಟಿನ ಛಾವಣಿಯನ್ನು ಹೇರಿದರೆ ಅದು ಬಿರಿಯದೆ ಮತ್ತೇನು ಮಾಡೀತು? ತೊಟ್ಟಿಯನ್ನು ಮುಚ್ಚಿ “ಹಾಲ್” ಮಾಡಿದವರ ಮನೆಗಳನ್ನು ನೋಡಿದ್ದೇನೆ. ಬಿಸಿಗಾಳಿ ಮೇಲಕ್ಕೆ ಹೋಗುವ ದಾರಿಯೇ ಮುಚ್ಚಿಹೋಗಿ, ಹಗಲಿನಲ್ಲಿಯೂ ದೀಪ, ರಾತ್ರಿಯಲ್ಲಿಯೂ ಬೀಸಣಿಗೆ. ಸೇರಿಸಿದುದು ಒಂದು ಕೋಣೆ, ಕೆಡಿಸಿದುದು ನಾಲ್ಕು.

ಇದಕ್ಕೆ ಆಕ್ಷೇಪಣೆಗಳು ಬರುವುವೆಂಬುದನ್ನು ಬಲ್ಲೆನು. ಅವುಗಳಲ್ಲಿ ಮುಖ್ಯವಾದವುಗಳನ್ನು ವಿಚಾರಮಾಡದೆ ಹೋಗುವುದು ನ್ಯಾಯವಲ್ಲ.

“ನಿನ್ನದು ತೊಟ್ಟಿಯ ಮನೆ, ಇಪ್ಪತ್ತು ಮೂವತ್ತು ಅಡಿ ನಿವೇಶನದವರ ಕಷ್ಟ ನಿನಗೇನು ಗೊತ್ತು?” ಎಂದು ಪಟ್ಟಣದ ಮಿತ್ರರು ಕೇಳುವರು. ಒಪ್ಪಿದೆನು. ಆದರೆ ಅಂತಹ ಮನೆಗಳಲ್ಲಿಯೇ ಹಂಚಿಕೆಯ ಅವಶ್ಯಕತೆ ಹೆಚ್ಚು. ಮನೆಯ ಮೂರರಲ್ಲೊಂದು ಪಾಲನ್ನು ಸೋಫಾಗಳಿಗೂ ಗಾಜಿನ ಬೀರುವಿಗೂ ಬಿಟ್ಟು, ಓದುವ ಹುಡುಗನನ್ನು ಮಂಚದ ಮೇಲೆ ಕೂರಿಸಿ, ಆಮೇಲೆ ಮಹಡಿ ಎತ್ತುವುದು ಯಾವ ನ್ಯಾಯ? 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದ 6 ಕೋಟಿ 11 ಲಕ್ಷ ಜನರು ಸುಮಾರು 1 ಕೋಟಿ 32 ಲಕ್ಷ ಕುಟುಂಬಗಳಾಗಿ ಇದ್ದರು. ಮನೆಯೊಂದಕ್ಕೆ ಸರಾಸರಿ ಐದು ಮಂದಿಯೂ ಇಲ್ಲ. ಜನ ಕುಗ್ಗಿದಂತೆ ಮನೆ ಬೆಳೆಯಬೇಕೆಂಬುದು ವಿಚಿತ್ರವಾದ ಗಣಿತ.

ಆದರೆ ಅದೇ ಜನಗಣತಿಯಲ್ಲಿ ನಮ್ಮ ದೇಶದ ಕುಟುಂಬಗಳಲ್ಲಿ ನೂರಕ್ಕೆ 37ಕ್ಕೆ ಒಂದೇ ಕೋಣೆ ಇದ್ದುದೂ ತಿಳಿದುಬಂದಿದೆ. ಅಡಿಗೆ, ನಿದ್ದೆ, ಬಾಣಂತನ, ರೋಗ ಎಲ್ಲವೂ ಆ ಒಂದೇ ಕೋಣೆಯಲ್ಲಿ. ಅವರು ಎರಡನೆಯ ಕೋಣೆಯನ್ನು ಕಟ್ಟಿಕೊಳ್ಳುವುದಾದರೆ ನಾನೂ ಹೋಗಿ ಇಟ್ಟಿಗೆ ಹೊರುವೆನು. ನನ್ನ ವಾದ ಅವರ ಮೇಲಲ್ಲ. ಅದೇ ವರ್ಷ ದೇಶದಲ್ಲಿ ಯಾರೂ ವಾಸವಿಲ್ಲದೆ ಬೀಗಹಾಕಿದ್ದ ಕಟ್ಟಡಗಳು 2 ಕೋಟಿ 46 ಲಕ್ಷಕ್ಕೆ ಮೇಲ್ಪಟ್ಟು ಇದ್ದುವು. ಒಂದು ಕಡೆ ಕೋಣೆಯಿಲ್ಲದ ಜನ, ಇನ್ನೊಂದು ಕಡೆ ಜನವಿಲ್ಲದ ಕೋಣೆ. ದೇಶದ ರೋಗವೂ ನಮ್ಮ ಮನೆಯ ರೋಗವೂ ಒಂದೇ ಜಾತಿಯದು. ನಿಜವಾಗಿ ಕಟ್ಟಬೇಕಾದವರಿಗೆ ದಾರಿಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಸುಡದ ಮಣ್ಣಿನ ಇಟ್ಟಿಗೆಯನ್ನು ಒತ್ತಿ ಗೋಡೆ ಕಟ್ಟುವ ಕ್ರಮವನ್ನು ಬೆಳೆಸಿದರು. ತಿರುವನಂತಪುರದಲ್ಲಿ ನೆಲಸಿದ್ದು 2007ರಲ್ಲಿ ದಿವಂಗತರಾದ ವಾಸ್ತುಶಿಲ್ಪಿ ಲಾರಿ ಬೇಕರರು ಇಟ್ಟಿಗೆಗಳ ನಡುವೆ ಪೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಬಳಕೆಗೆ ತಂದು ನಾಲ್ಕರಲ್ಲೊಂದು ಪಾಲು ಇಟ್ಟಿಗೆಯನ್ನು ಉಳಿಸಿ ತೋರಿಸಿದರು.

“ಹೊಸದಾಗಿ ಮದುವೆಯಾದವರಿಗೆ ಏಕಾಂತ ಬೇಡವೆ?” ಎಂಬುದು ಇನ್ನೊಂದು ಆಕ್ಷೇಪಣೆ. ಬೇಕು. ಓದುವವರಿಗೂ ಬೇಕು, ರೋಗಿಗೂ ಬೇಕು. ಆದರೆ ಏಕಾಂತವನ್ನು ಕೊಡುವುದು ಮುಚ್ಚುವ ಒಂದು ಬಾಗಿಲೂ, ಬಾಗಿಲು ತಟ್ಟದೆ ಒಳಗೆ ಬಾರದಿರುವ ಮನೆಮಂದಿಯ ಸಭ್ಯತೆಯೂ. ಸಭ್ಯತೆಯಿಲ್ಲದ ಮನೆಯಲ್ಲಿ ಹತ್ತು ಕೋಣೆಗಳಿದ್ದರೂ ಏಕಾಂತವಿಲ್ಲ.

“ವಾಸ್ತು ಒಪ್ಪದು, ಉಗ್ರಾಣವನ್ನು ಕದಲಿಸಬಾರದು, ಕಿಟಕಿಯನ್ನು ಒಡೆಯಬಾರದು” ಎನ್ನುವವರೂ ಉಂಟು. ಹಿತ್ತಲಲ್ಲಿ ಹೊಸ ಕೋಣೆ ಇಳಿಸುವಾಗ, ಕಾರಿಗಾಗಿ ಜಗಲಿಯನ್ನು ಕಡಿಯುವಾಗ ಒಪ್ಪುವ ವಾಸ್ತು, ಹೆಂಗಸರ ಒಲೆಯ ಮುಂದೆ ಕಿಟಕಿ ತೆರೆಯುವಾಗ ಮಾತ್ರ ಒಪ್ಪದಿರುವುದೇಕೆ? ಆಗ್ನೇಯದ ಅಡಿಗೆಮನೆ ಆಗ್ನೇಯದಲ್ಲಿಯೇ ಇರಲಿ. ಮೂಡಣ ಬೆಳಕು ಅದರೊಳಕ್ಕೆ ಬರಬಾರದೆಂದು ಯಾವ ಶಾಸ್ತ್ರವೂ ಹೇಳಲಾರದು.

ಕೊನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಟ್ಟಿಸಿದವನ ಹೆಸರು ಊರಿನಲ್ಲಿ ನಿಲ್ಲುವುದು. ಉಗ್ರಾಣ ಗುಡಿಸಿದವನ ಹೆಸರನ್ನು ಯಾರು ಹೇಳುವರು? “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಹಿರಿಯರು ಹೇಳಿದುದು ಆ ಕೆಲಸಗಳ ಕಷ್ಟವನ್ನು ಎಚ್ಚರಿಸುವುದಕ್ಕೆ. ನಾವು ಅದನ್ನು ಪಂಥವೆಂದು ತಿಳಿದು ಸಾಲದಲ್ಲಿ ಮುಳುಗುತ್ತಿದ್ದೇವೆ.

ಹಂಚಿಕೆಯ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳಲೇಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಪ್ರಕರಣದಂತೆ, ಗಂಡು ವಾರಸುದಾರರು ತಮ್ಮ ತಮ್ಮಲ್ಲಿ ಪಾಲುಮಾಡಿಕೊಳ್ಳುವವರೆಗೆ, ವಾಸದ ಮನೆಯಲ್ಲಿ ಪಾಲು ಕೇಳುವ ಹಕ್ಕು ಹೆಣ್ಣುಮಕ್ಕಳಿಗೆ ಇರಲಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಿಗೆ ಸಮನಾದ ಹಕ್ಕನ್ನು ನಮ್ಮ ರಾಜ್ಯ 1994ರಲ್ಲಿಯೇ ತಂದಿತು. ದೇಶಕ್ಕೆಲ್ಲ ಅದು 2005ರಲ್ಲಿ ಬಂದಿತು, ಆ 23ನೆಯ ಪ್ರಕರಣವೂ ಆಗಲೇ ಹೋಯಿತು. ಕಾಯಿದೆಯ ಪುಸ್ತಕದಲ್ಲಿ ಮನೆಯ ಹಂಚಿಕೆ ಬದಲಾಗಿ ಇಷ್ಟು ಕಾಲವಾದರೂ ಮನೆಯೊಳಗೆ ಬದಲಾಗಿದೆಯೆ? ಪಾಲಿಗೆ ಹಕ್ಕುದಾರಳಾದ ಮಗಳು ತವರಿಗೆ ಬಂದರೆ ಸೀರೆಯ ಗಂಟನ್ನಿಡುವುದಕ್ಕೆ ಗೂಟವೊಂದಿಲ್ಲ. ವರ್ಷಕ್ಕೆ ಹತ್ತು ರಾತ್ರಿ ಬರುವ ಅತಿಥಿಗೆ ಮಾತ್ರ ಕೋಣೆಯೊಂದು ಹಾಸಿಗೆಯೊಡನೆ ಕಾದಿರುವುದು! ಇರುವ ಮನೆಯನ್ನು ಹೊಸದಾಗಿ ಕಾಣುವುದೆಂದರೆ ಕುರ್ಚಿಮೇಜುಗಳನ್ನು ಸರಿಸುವುದಷ್ಟೆ ಅಲ್ಲ, ಯಾರು ಮನೆಯವರು ಎಂಬುದನ್ನು ಹೊಸದಾಗಿ ಕಾಣುವುದು.

ನಮ್ಮ ಮನೆಯ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಉಗ್ರಾಣಕ್ಕೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ. ಅದರಲ್ಲಿ ಬಾಗಿಲು ತೆರೆದರೆ ತಾಯಿಯವರು ತೊಟ್ಟಿಗೆ ಇಳಿಯದೆ, ಒಂದೇ ಸಮನಾದ ನೆಲದ ಮೇಲೆ ನಾಲ್ಕು ಹೆಜ್ಜೆಯಲ್ಲಿ ಬಚ್ಚಲನ್ನು ಸೇರುವರು. ಬೇಕಾಗಿದ್ದ ಕೋಣೆಯ ಅಳತೆ ಹತ್ತು ಹನ್ನೆರಡು. ಉಗ್ರಾಣದ ಅಳತೆಯೂ ಸರಿಯಾಗಿ ಹತ್ತು ಹನ್ನೆರಡು! ಇಷ್ಟು ಸುಲಭವೆಂದು ಹಿಗ್ಗುತ್ತಿರುವಾಗ ತಾಯಿಯವರೇ ಅಡ್ಡನಿಂತರು. “ಅಕ್ಕಿಮೂಟೆಯ ಜಾಗದಲ್ಲಿ ನನ್ನನ್ನು ಹಾಕುವಿರಾ?” ಎಂದು ಕಣ್ಣೀರಿಟ್ಟರು. ಅತ್ತೆಯವರಿಂದ ಬಂದ ಉಗ್ರಾಣದ ಬೀಗದ ಕೈ ಐವತ್ತು ವರ್ಷ ಅವರ ಸೊಂಟದಲ್ಲಿತ್ತು. ಮನೆಯ ಯಜಮಾನಿಕೆಯೆಂದರೆ ಅವರಿಗೆ ಆ ಕೀಲಿಕೈ. ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದು ನನಗೆ ಆಗ ತಿಳಿಯಿತು. ಅವರು ಕೀಲಿಕೈಯನ್ನು ಬಿಡಬೇಕಾದರೆ ನಾನು ನನ್ನ ಕಿಟಕಿಗಳನ್ನು ಬಿಡದಿರುವುದು ಹೇಗೆ? ಮುಂದಿನ ಕೋಣೆಯನ್ನು ಬೆಳಗ್ಗೆ ಹತ್ತರವರೆಗೂ ದೀಪ ಹಚ್ಚಿದಮೇಲೂ ಓದುವ ಹುಡುಗಿಗೆ ಬಿಟ್ಟೆನು. ನಾನು ಮೊದಲೇ ಬಿಟ್ಟುದನ್ನು ನೋಡಿ ತಾಯಿಯವರು ಒಂದು ನಿಬಂಧನೆಯ ಮೇಲೆ ಒಪ್ಪಿದರು: ಮಲಗಿದಲ್ಲಿಂದಲೇ ದೇವರ ಮನೆಯ ದೀಪ ಕಾಣುವಂತೆ ಉಗ್ರಾಣದ ಗೋಡೆಯಲ್ಲಿ ಒಂದು ಕಿಟಕಿ ಬೇಕು.

ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ತಾತಂದಿರ ಕಾಲದ ಬಾಗಿಲ ಚೌಕಟ್ಟೂ ಒಂದು ಕಲ್ಲಿನ ತೊಲೆಯೂ ಕೆಲಸಕ್ಕೆ ಬಂದುವು. ಗೋಡೆಯನ್ನು ಒಡೆಯುವ ಮೊದಲು ಮೇಲಿನ ಭಾರಕ್ಕೆ ಮರದ ಊರೆ ಕೊಟ್ಟು, ತೊಲೆಯನ್ನು ಕೂರಿಸಿ, ಆಮೇಲೆ ಕೆಳಗೆ ಬಿಡಿಸಿದರು. ಅಡಿಗೆಮನೆಯ ಕಿಟಕಿ ನಾಲ್ಕಡಿಗೆ ನಾಲ್ಕಡಿಯಾಯಿತು. ಬೆಳಕು ಮೂರು ಚದರಡಿಯಿಂದ ಹದಿನಾರಕ್ಕೆ ಏರಿತು. ಸುಣ್ಣದ ಗಾರೆ, ಹಂಚಿನ ನಡುವೆ ಎರಡು ಗಾಜಿನ ಹಂಚು, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳುವ ಸರಳು ಎಲ್ಲವೂ ಸೇರಿ ಅರವತ್ತು ಸಾವಿರ ರೂಪಾಯಿ ಮುಟ್ಟಲಿಲ್ಲ. ಸಾಲದ ಅರ್ಜಿಯನ್ನು ಹರಿದುಹಾಕಿದೆವು.

ಎಲ್ಲವೂ ಸಸೂತ್ರವಾಯಿತೆಂದು ಹೇಳಿದರೆ ಸುಳ್ಳಾಗುವುದು. ಕೊಟ್ಟಿಗೆ ಏನಾಗಬೇಕೆಂಬ ವಿಷಯದಲ್ಲಿ ನನಗೂ ತಮ್ಮನಿಗೂ ಈಗಲೂ ಒಮ್ಮತವಿಲ್ಲ. ಮಗನಿಗೆ ಮದುವೆಯಾದಮೇಲೆ ಮಹಡಿ ಎತ್ತಿಸಿಯೇ ತೀರುವೆನೆಂದು ಅವನು ಹೇಳುತ್ತಾನೆ. ಆಗಲೂ ಮೊದಲು ಸೀಮೆಸುಣ್ಣವನ್ನು ತೆಗೆದುಕೊಳ್ಳೋಣವೆಂದು ನಾನು ಹೇಳಿದ್ದೇನೆ.

ಆದಕಾರಣ ನಮ್ಮ ಜಿಲ್ಲೆಯ ಗೃಹಸ್ಥರಲ್ಲಿ ನನ್ನ ಬಿನ್ನಹ ಇಷ್ಟೆ. ಮೇಸ್ತ್ರಿಯನ್ನು ಕರೆಯುವ ಮೊದಲು ಒಂದು ವಾರ ಮನೆಯ ಲೆಕ್ಕವಿಡಿರಿ. ಆ ಲೆಕ್ಕವನ್ನು ಮನೆಯಲ್ಲಿ ಎಲ್ಲರಿಗಿಂತಲೂ ಕಡಮೆ ಸ್ಥಳವುಳ್ಳವರ ಕೈಯಲ್ಲಿ ಬರೆಯಿಸಿರಿ. ಯಾವ ಕೋಣೆಗೆ ಹೆಸರು ಮಾತ್ರ ಉಳಿದಿದೆಯೋ ಅದರ ಬಾಗಿಲನ್ನು ತೆರೆಯಿರಿ. ಮೊದಲು ಬಿಟ್ಟುಕೊಡುವವನು ಮನೆಯ ಹಿರಿಯನಾಗಿರಲಿ. ಇಷ್ಟಾದಮೇಲೂ ಸಾಲದೆ ಹೋದರೆ ಧಾರಾಳವಾಗಿ ಕಟ್ಟಿರಿ, ಯಾರೂ ಆಕ್ಷೇಪಿಸರು. ಆದರೆ ಅಡಿಗೆಮನೆಯ ಕಿಟಕಿ ಯಾವ ಕಡೆಗಿದೆಯೆಂದು ನೋಡಿ ಕಟ್ಟಿರಿ.

ನಮ್ಮ ತಾಯಿಯವರು ಈಗ ರಾತ್ರಿ ಮಲಗುವ ಮುನ್ನ ಒಂದು ಲೋಟ ನೀರನ್ನು ತುಂಬ ಕುಡಿಯುತ್ತಾರೆ.